ಸುಣ್ಣ ಹಾಕಿದರೆ ಲೋಹ ಸಾಯುವುದಿಲ್ಲ

ಸಣ್ಣ ಪ್ಲೇಟಿಂಗ್ ಘಟಕದ ಮಾಲೀಕರನ್ನು ಕೇಳಿ, ಅವರಿಗೆ ಸಲಹೆ ಕೊಡುವ ಕನ್ಸಲ್ಟೆಂಟರನ್ನು ಕೇಳಿ, ತಪಾಸಣೆಗೆ ಹೋಗುವವರನ್ನು ಕೇಳಿ. ಎಲ್ಲರ ಬಾಯಲ್ಲೂ ಬರುವುದು ಬಹುಮಟ್ಟಿಗೆ ಒಂದೇ ಉತ್ತರ: ‘ಸುಣ್ಣ ಹಾಕ್ತೀವಿ, ಲೋಹ ಕೆಳಗೆ ಕೂರುತ್ತೆ, ತಿಳಿನೀರು ಹೊರಗೆ ಬಿಡ್ತೀವಿ, ಸ್ಲಡ್ಜ್ ದಾಬಸ್‌ಪೇಟೆಯ ತ್ಯಾಜ್ಯದ ಗುಂಡಿಗೆ ಹೋಗುತ್ತೆ. ಇನ್ನೇನು ಬೇಕು?’ ಲೋಹ ಹಿಡಿಯುವುದಕ್ಕೆ ಜೈವಿಕವಾಗಿ ಕೊಳೆಯುವ ರಾಸಾಯನಿಕಗಳೂ ಇವೆಯಲ್ಲ ಎಂದು ಯಾರಾದರೂ ಬಾಯಿ ತೆರೆದರೆ ಎರಡನೆಯ ಉತ್ತರ ಸಿದ್ಧವಾಗಿರುತ್ತದೆ: ‘ಅದೆಲ್ಲ ಯುರೋಪಿಗೆ ಸರಿ. ನಮ್ಮ ಸಣ್ಣ ಕೈಗಾರಿಕೆಗೆ ದುಬಾರಿ.’

ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ರಸಾಯನಶಾಸ್ತ್ರದ ಪ್ರಕಾರ ತಪ್ಪು. ಎರಡನೆಯದು ಲೆಕ್ಕದ ಪ್ರಕಾರ ಮೋಸ. ಎರಡೂ ಸೇರಿ ವೃಷಭಾವತಿ ನದಿಯ ದಂಡೆಯ ರೈತರ ಹೊಲಕ್ಕೆ ವಿಷ ಹಾಯಿಸಿವೆ. ಹೀಗಿದ್ದೂ ಪರಿಸರದ ಪರವಾಗಿ ಮಾತಾಡುವವರು ಕೂಡ ‘ಸಣ್ಣ ಉದ್ಯಮಿ ಪಾಪ ಏನು ಮಾಡಿಯಾನು’ ಎಂದು ಸುಮ್ಮನಾಗಿದ್ದಾರೆ. ಆ ಸುಮ್ಮನಿರುವಿಕೆಯನ್ನು ಮುರಿಯಲೇಬೇಕು.

ಎಲ್ಲಕ್ಕಿಂತ ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಕಾರ್ಖಾನೆಯ ಎಣ್ಣೆ, ಬಣ್ಣ, ಸಾಬೂನು, ಮನುಷ್ಯರ ಮಲ, ಇವೆಲ್ಲ ಎಂದಾದರೊಂದು ದಿನ ಕೊಳೆತು ಬೇರೆ ಏನೋ ಆಗುತ್ತವೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಹಾಗಲ್ಲ. ಅವು ಮೂಲವಸ್ತುಗಳು. ಅವನ್ನು ಬೆಂಕಿ ಸುಡದು, ಸೂಕ್ಷ್ಮಜೀವಿ ಮುಗಿಸದು, ಕಾಲ ಕರಗಿಸದು. ಒಂದು ಕಿಲೋ ನಿಕ್ಕಲ್ ಟ್ಯಾಂಕಿನಿಂದ ಹೊರಬಿದ್ದರೆ ಆ ಒಂದು ಕಿಲೋ ಎಲ್ಲಾದರೂ ಇದ್ದೇ ಇರುತ್ತದೆ: ಚರಂಡಿಯಲ್ಲಿ, ಕೆರೆಯ ಹೂಳಿನಲ್ಲಿ, ಹುಲ್ಲಿನಲ್ಲಿ, ಹಸುವಿನ ಯಕೃತ್ತಿನಲ್ಲಿ, ಇಲ್ಲವೇ ನಮ್ಮ ಮೂತ್ರಪಿಂಡದಲ್ಲಿ. ಹಾಗಾಗಿ ‘ಲೋಹ ತೆಗೆದೆವು’ ಎಂದು ಹೇಳುವ ಪ್ರತಿಯೊಬ್ಬರನ್ನೂ ಕೇಳಬೇಕಾದ ಪ್ರಶ್ನೆ ಒಂದೇ. ತೆಗೆದು ಎಲ್ಲಿಟ್ಟಿರಿ?

ಬೆಂಗಳೂರಿನ ಮಟ್ಟಿಗೆ ಉತ್ತರ ಎಲ್ಲರ ಕಣ್ಣೆದುರೇ ಹರಿಯುತ್ತಿದೆ. ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ, ಗಾಳಿ ಆಂಜನೇಯ ಗುಡಿಯ ಪಕ್ಕ ಹಾದು, ಕೆಂಗೇರಿ ದಾಟಿ, ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯಿಂದ ಬರುವ ಕಾಲುವೆಗಳನ್ನೂ ಊರಿನ ಕೊಳಚೆಯನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬೈರಮಂಗಲದ ನೀರಿನಲ್ಲಿ ಬೇಬಿ ಕಾರ್ನ್ ಬೆಳೆಯುತ್ತಾರೆ, ಹಿಪ್ಪುನೇರಳೆ ಬೆಳೆಯುತ್ತಾರೆ, ಹಸುಗಳಿಗೆ ಸೀಮೆಹುಲ್ಲು ಬೆಳೆಯುತ್ತಾರೆ. ಆ ಹಾಲು ಡೇರಿಗೆ ಹೋಗುತ್ತದೆ, ಡೇರಿಯಿಂದ ಬೆಂಗಳೂರಿಗೇ ಮರಳುತ್ತದೆ. ಈ ನದಿಯ ನೀರಿನಲ್ಲಿ ಭಾರಲೋಹಗಳಿರುವುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಪೀಣ್ಯದ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಹಳೆಯ ಸುದ್ದಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯ ಸೂಚ್ಯಂಕ ಕೊಟ್ಟಾಗಲೇ ಪೀಣ್ಯದ ಹೆಸರು ಆ ಪಟ್ಟಿಯಲ್ಲಿತ್ತು. ಸುಣ್ಣ ಹಾಕಿಯೂ ಇಷ್ಟು. ಹಾಗಾದರೆ ಸುಣ್ಣ ಮಾಡಿದ್ದಾದರೂ ಏನು?

ಅದನ್ನು ಸ್ವಲ್ಪ ವಿವರವಾಗಿ ನೋಡಲೇಬೇಕು, ಯಾಕೆಂದರೆ ಮೋಸ ಅಡಗಿರುವುದೇ ವಿವರದಲ್ಲಿ. ಪ್ಲೇಟಿಂಗ್ ಘಟಕದ ತೊಳೆನೀರಿನಲ್ಲಿ ಲೋಹ ಒಂದೇ ಇರುವುದು ಅಪರೂಪ. ಸತು, ತಾಮ್ರ, ನಿಕ್ಕಲ್, ಕ್ರೋಮಿಯಂ ಬೆರೆತಿರುತ್ತವೆ. ಕ್ಷಾರ ಸೇರಿಸಿದಾಗ ಪ್ರತಿಯೊಂದು ಲೋಹವೂ ತನ್ನದೇ ಪಿಎಚ್ ಮಟ್ಟದಲ್ಲಿ ಚೆನ್ನಾಗಿ ಇಳಿಯುತ್ತದೆ. ಕ್ರೋಮಿಯಂ 8ರ ಆಸುಪಾಸಿನಲ್ಲಿ, ತಾಮ್ರ 9ರ ಹತ್ತಿರ, ನಿಕ್ಕಲ್ 10 ದಾಟಿದ ಮೇಲೆ, ಕ್ಯಾಡ್ಮಿಯಂ 11ರ ಸುಮಾರಿಗೆ. ನಿಕ್ಕಲ್ ಇಳಿಯಲಿ ಎಂದು ಸುಣ್ಣ ಸುರಿಯುತ್ತ ಹೋದರೆ, ಆಗಲೇ ಇಳಿದು ಕೂತಿದ್ದ ಕ್ರೋಮಿಯಂ ಮತ್ತು ಸತು ಮತ್ತೆ ಕರಗಲು ತೊಡಗುತ್ತವೆ. ಎಲ್ಲ ಲೋಹವೂ ಒಟ್ಟಿಗೆ ಇಳಿಯುವ ಒಂದು ಪಿಎಚ್ ಎಂಬುದು ಇಲ್ಲವೇ ಇಲ್ಲ. ಬೇರೆ ಬೇರೆ ನೀರನ್ನು ಬೇರೆ ಬೇರೆ ತೊಟ್ಟಿಯಲ್ಲಿ ಹಿಡಿದು, ಒಂದೊಂದಕ್ಕೂ ಅದರದೇ ಉಪಚಾರ ಮಾಡಬೇಕು. ಹತ್ತು ಇಪ್ಪತ್ತು ಜನ ಕೆಲಸ ಮಾಡುವ ಶೆಡ್ಡಿನಲ್ಲಿ ಎಲ್ಲ ನೀರನ್ನೂ ಒಂದೇ ತೊಟ್ಟಿಗೆ ಬಿಟ್ಟು, ಚೀಲದಿಂದ ಕೈಯಳತೆಯಲ್ಲಿ ಸುಣ್ಣ ಎರಚಿದರೆ ಯಾವ ಲೋಹ ಇಳಿಯಿತು, ಯಾವುದು ಉಳಿಯಿತು ಎಂದು ಯಾರಿಗೆ ಗೊತ್ತು?

ಹೆಕ್ಸಾವೇಲೆಂಟ್ ಕ್ರೋಮಿಯಂ ಸುಣ್ಣಕ್ಕೆ ಜಗ್ಗುವುದೇ ಇಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ಮೊದಲನೆಯ ಗುಂಪಿನಲ್ಲಿಟ್ಟಿರುವ ವಸ್ತು ಅದು. ಅದನ್ನು ಮೊದಲು ಆಮ್ಲದ ನೀರಿನಲ್ಲಿ, ಪಿಎಚ್ 2ರಿಂದ 3ರೊಳಗೆ ಇಟ್ಟು, ಮೆಟಾಬೈಸಲ್ಫೈಟ್‌ನಂಥದ್ದನ್ನು ಹಾಕಿ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಿಸಬೇಕು. ಆಮೇಲೆ ಸುಣ್ಣ. ಆ ಮೊದಲ ಹೆಜ್ಜೆಯಲ್ಲಿ ಅವಸರ ಮಾಡಿದರೆ ಸುಣ್ಣದ ಖರ್ಚೂ ದಂಡ, ನೀರೂ ವಿಷ.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡುವ ಘಟಕ ಒಂದಿದೆ ಎಂದೇ ಇಟ್ಟುಕೊಳ್ಳೋಣ. ಅಲ್ಲೂ ಸುಣ್ಣವನ್ನು ಸೋಲಿಸುವ ಇನ್ನೊಂದು ವಸ್ತುವಿದೆ. ಅದರ ಹೆಸರು ಇಡಿಟಿಎ.

ಹಬ್ಬದ ಮುಂಚಿನ ದಿನ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿದವರಿಗೆಲ್ಲ ಈ ರಸಾಯನಶಾಸ್ತ್ರ ಕೈಯಲ್ಲೇ ಗೊತ್ತು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬಿನ ತಾಮ್ರವನ್ನು ಹಿಡಿದುಕೊಂಡು ನೀರಿನೊಂದಿಗೆ ಹೊರಟುಹೋಗುತ್ತದೆ. ಇಡಿಟಿಎ ಮಾಡುವುದೂ ಇದೇ ಕೆಲಸ. 1930ರ ದಶಕದಲ್ಲಿ ಜರ್ಮನಿಯಲ್ಲಿ ಫರ್ಡಿನಾಂಡ್ ಮ್ಯುಂಟ್ಸ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತಯಾರಿಸಿದ. ಇಂದು ಲೋಹ ತೊಳೆಯುವ ದ್ರಾವಣಗಳಲ್ಲಿ, ಸರ್ಕ್ಯೂಟ್ ಬೋರ್ಡಿಗೆ ವಿದ್ಯುತ್ ಇಲ್ಲದೆ ತಾಮ್ರ ಲೇಪಿಸುವ ದ್ರಾವಣಗಳಲ್ಲಿ, ಬಾಯ್ಲರ್ ಶುದ್ಧ ಮಾಡುವಲ್ಲಿ ಇದು ಸಾಮಾನ್ಯ. ಆದರೆ ಹುಣಸೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಟಾರ್ಟಾರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ. ಇಡಿಟಿಎಯನ್ನು ಸಾಮಾನ್ಯ ಕೊಳಚೆ ಶುದ್ಧೀಕರಣ ಘಟಕದ ಜೀವಿಗಳು ಮುಟ್ಟುವುದೇ ಕಡಿಮೆ. ಅದರ ಹಿಡಿತವೋ ಉಡದ ಪಟ್ಟು. ಕ್ಯಾಲ್ಸಿಯಂ ಜೊತೆಗಿನ ಅದರ ಬಂಧಕ್ಕಿಂತ ತಾಮ್ರದ ಜೊತೆಗಿನ ಬಂಧ ಸುಮಾರು ಹತ್ತು ಕೋಟಿ ಪಟ್ಟು ಬಿಗಿ. ಸುಣ್ಣ ಎಂದರೆ ಕ್ಯಾಲ್ಸಿಯಂ ತಾನೆ? ಹತ್ತು ಕೋಟಿ ಪಟ್ಟು ಬಿಗಿಯಾದ ಹಿಡಿತದಿಂದ ತಾಮ್ರವನ್ನೋ ನಿಕ್ಕಲನ್ನೋ ಬಿಡಿಸಲು ಒಂದು ಹಿಡಿ ಸುಣ್ಣ ಸಾಕೆ?

ಸಾಲದು. ಆ ಲೋಹ ತಿಳಿನೀರಿನಲ್ಲಿ ತಿಳಿಯಾಗಿಯೇ ಹೊರಗೆ ಹೋಗುತ್ತದೆ. ಚರಂಡಿ ಸೇರುತ್ತದೆ, ಕೊಳಚೆ ಘಟಕ ದಾಟುತ್ತದೆ, ನದಿಗೆ ಇಳಿಯುತ್ತದೆ. ಹೋಗುವ ದಾರಿಯಲ್ಲಿ ಕೆರೆಯ ಹೂಳಿನಲ್ಲಿ ದಶಕಗಳಿಂದ ಮಲಗಿದ್ದ ಲೋಹವನ್ನೂ ಇಡಿಟಿಎ ಎಬ್ಬಿಸಿ ನೀರಿಗೆ ಎಳೆಯಬಲ್ಲದು. ಜರ್ಮನಿಯ ಸರ್ಕಾರವೂ ಅಲ್ಲಿನ ಉದ್ಯಮವೂ 1991ರಲ್ಲೇ ಒಟ್ಟಿಗೆ ಕೂತು ನದಿಗಳಿಗೆ ಹೋಗುವ ಇಡಿಟಿಎಯನ್ನು ಅರ್ಧಕ್ಕಿಳಿಸುತ್ತೇವೆಂದು ಘೋಷಿಸಿದವು. ಅದಾಗಿ ಮೂರು ದಶಕಗಳು ಕಳೆದಿವೆ. ಇಷ್ಟು ಕಾಲ ನಮ್ಮಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆ?

ಸುಣ್ಣಕ್ಕೆ ಬಗ್ಗದ ಲೋಹವನ್ನು ಬಗ್ಗಿಸಲು ಮಾರುಕಟ್ಟೆಯಲ್ಲಿ ಸಿಗುವ ಪರಿಹಾರ ಇನ್ನೂ ಭಯಂಕರ. ಡೈಥಿಯೋಕಾರ್ಬಮೇಟ್ ಎಂಬ ಗುಂಪಿನ ರಾಸಾಯನಿಕಗಳಿವೆ. ಅವು ಇಡಿಟಿಎಯ ಹಿಡಿತದಿಂದಲೂ ಲೋಹವನ್ನು ಕಿತ್ತು ಕೆಳಗಿಳಿಸುತ್ತವೆ. ಅವುಗಳ ಸೋದರ ಸಂಬಂಧಿಗಳು ಕೃಷಿಯಲ್ಲಿ ಶಿಲೀಂಧ್ರ ಕೊಲ್ಲಲು ಬಳಕೆಯಲ್ಲಿವೆ ಎಂಬುದೊಂದೇ ಸಾಕು, ಅವುಗಳ ಗುಣ ತಿಳಿಯಲು. 1999ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಆ್ಯಂಡರ್ಸನ್ ಪಟ್ಟಣದಲ್ಲಿ, ಕಾರಿನ ದೀಪ ತಯಾರಿಸುವ ಕಾರ್ಖಾನೆಯೊಂದು ತನ್ನ ಪ್ಲೇಟಿಂಗ್ ತ್ಯಾಜ್ಯದ ಲೋಹ ಇಳಿಸಲು ಇದನ್ನೇ ಬಳಸಿತು. ಆ ನೀರು ಪಟ್ಟಣದ ಕೊಳಚೆ ಘಟಕದ ಮೂಲಕ ವೈಟ್ ನದಿಗೆ ಇಳಿಯಿತು. ಹತ್ತಾರು ಮೈಲಿ ಉದ್ದಕ್ಕೂ ಲಕ್ಷಗಟ್ಟಲೆ ಮೀನು ಸತ್ತು ತೇಲಿದವು. ಲೋಹ ತೆಗೆಯಲು ಹಾಕಿದ ಮದ್ದೇ ನದಿಯನ್ನು ಕೊಂದಿತು. ಇದನ್ನು ತಿಳಿದ ಮೇಲೂ, ಲೋಹ ಇಳಿಸುವ ರಾಸಾಯನಿಕ ಯಾವುದಾದರೇನು, ಕೊನೆಗೆ ಅಂಕಿ ಮಿತಿಯೊಳಗಿದ್ದರೆ ಸಾಕು ಎನ್ನುವವರನ್ನು ಏನೆಂದು ಕರೆಯುವುದು?

ಆ ಅಂಕಿಯ ಮಾತಿಗೇ ಬರೋಣ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯಕ್ಕೆ ನಮ್ಮ ದೇಶದ ಸಾಮಾನ್ಯ ಮಾನದಂಡ ಲೀಟರಿಗೆ 3 ಮಿಲಿಗ್ರಾಂ ನಿಕ್ಕಲ್ ಬಿಡಬಹುದು ಎನ್ನುತ್ತದೆ. ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಹಾಕಿರುವ ಮಿತಿ ನಿಕ್ಕಲ್‌ಗೆ 0.02, ಕ್ರೋಮಿಯಂಗೆ 0.05. ಅಂದರೆ ಕುಡಿಯುವ ನೀರಿನ ಮಿತಿಗಿಂತ ನೂರೈವತ್ತು ಪಟ್ಟು ನಿಕ್ಕಲ್ ಇದ್ದರೂ ಆ ತ್ಯಾಜ್ಯ ಕಾನೂನಿನ ಕಣ್ಣಿಗೆ ಶುದ್ಧ. ನದಿಯಲ್ಲಿ ಬೇಕಾದಷ್ಟು ಒಳ್ಳೆಯ ನೀರು ಹರಿಯುತ್ತದೆ, ಅದರಲ್ಲಿ ಇದು ಬೆರೆತು ತೆಳುವಾಗುತ್ತದೆ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಇದು. ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವ ಒಳ್ಳೆಯ ನೀರು ಎಷ್ಟು? ಆ ನದಿಯಲ್ಲಿ ಹರಿಯುವುದೇ ಕೊಳಚೆ. ಯಾವುದರಲ್ಲಿ ಬೆರೆತು ತೆಳುವಾಗಬೇಕು?

ಇನ್ನೂ ದೊಡ್ಡ ದೋಷವೆಂದರೆ ಈ ಮಿತಿ ಲೀಟರಿನ ಲೆಕ್ಕದಲ್ಲಿದೆ. ಒಂದು ಘಟಕ ವರ್ಷಕ್ಕೆ ಒಟ್ಟು ಎಷ್ಟು ಕಿಲೋ ಲೋಹ ಹೊರಗೆ ಬಿಟ್ಟಿತು ಎಂದು ಅದು ಕೇಳುವುದಿಲ್ಲ. ಹೆಚ್ಚು ನೀರು ಬೆರೆಸಿದವನು ಪಾಸಾಗುತ್ತಾನೆ. ನೀರು ಉಳಿಸಿ, ತೊಟ್ಟಿಯಿಂದ ತೊಟ್ಟಿಗೆ ಎದುರುಹರಿವಿನಲ್ಲಿ ಸಾಮಾನು ತೊಳೆದು, ಕಡಿಮೆ ನೀರಿನಲ್ಲಿ ಗಟ್ಟಿ ತ್ಯಾಜ್ಯ ಉಳಿಸಿಕೊಂಡ ಪ್ರಾಮಾಣಿಕನೇ ಸಿಕ್ಕಿಬೀಳುತ್ತಾನೆ. ಈ ನಿಯಮ ಪ್ರಾಮಾಣಿಕತೆಗೆ ದಂಡ ಹಾಕುತ್ತಿದೆ.

ದಾಬಸ್‌ಪೇಟೆಯ ಸ್ಲಡ್ಜಿನದೂ ಇದೇ ಕತೆ. ನಿಕ್ಕಲ್‌ಗೆ ನಮ್ಮ ದೇಶ ಬಹುಪಾಲು ಆಮದನ್ನೇ ನೆಚ್ಚಿದೆ. ವಿದೇಶಿ ವಿನಿಮಯ ಕೊಟ್ಟು ತಂದ ಲೋಹವನ್ನು ಸುಣ್ಣದಲ್ಲಿ ಕಲಸಿ, ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಹೂತು, ನಮ್ಮ ಮೊಮ್ಮಕ್ಕಳಿಗೆ ಕಾವಲು ಕಾಯಲು ಬಿಟ್ಟು ಹೋಗುವುದಕ್ಕೆ ‘ವೈಜ್ಞಾನಿಕ ವಿಲೇವಾರಿ’ ಎಂಬ ಹೆಸರು. ಗುಂಡಿಯ ಹಾಸಿಗೆಗೆ ಆಯುಷ್ಯವಿದೆ. ಒಳಗಿರುವ ನಿಕ್ಕಲ್‌ಗೆ ಆಯುಷ್ಯವೇ ಇಲ್ಲ.

ಹಾಗಾದರೆ ಬೇರೆ ದಾರಿ ಏನು ಎಂದು ಕೇಳುವವರಿಗೆ ಉತ್ತರ ಇದೆ, ಅದು ಪ್ರಯೋಗಾಲಯದ ಕನಸಾಗಿ ಉಳಿದಿಲ್ಲ. ಇಡಿಡಿಎಸ್ ಎಂಬ ಲೋಹಬಂಧಕವಿದೆ. ಇಡಿಟಿಎಯ ಹತ್ತಿರದ ನೆಂಟ. ಮಣ್ಣಿನ ಒಂದು ಬ್ಯಾಕ್ಟೀರಿಯಾ ಇದನ್ನು ತಾನಾಗಿಯೇ ತಯಾರಿಸುತ್ತದೆ, ಮಣ್ಣಿನ ಬೇರೆ ಜೀವಿಗಳು ಅದನ್ನು ತಿನ್ನುತ್ತವೆ. ಜಿಎಲ್‌ಡಿಎ ಇದೆ. ಅದರ ಮೂಲ ಗ್ಲುಟಮೇಟ್, ಅಂದರೆ ಸಕ್ಕರೆಯ ಅಥವಾ ಕಾಕಂಬಿಯ ಹುದುಗುವಿಕೆಯಿಂದ ಬರುವ ವಸ್ತು. ಎಂಜಿಡಿಎ ಇದೆ. ಸಿಟ್ರಿಕ್ ಆಮ್ಲ, ಗ್ಲುಕೊನೇಟ್ ಹೇಗೂ ಇವೆ. ಯುರೋಪಿನಲ್ಲಿ 2017ರಿಂದ ಡಿಶ್‌ವಾಷರ್ ಪುಡಿಗಳಲ್ಲಿ ಫಾಸ್ಫೇಟ್‌ಗೆ ಕಡಿವಾಣ ಬಿದ್ದ ಮೇಲೆ ಎಂಜಿಡಿಎ, ಜಿಎಲ್‌ಡಿಎಗಳು ಅಲ್ಲಿನ ಅಡುಗೆಮನೆಗೇ ಬಂದಿವೆ. ಊಟದ ತಟ್ಟೆ ತೊಳೆಯಲು ಕೈಗೆಟುಕುವ ವಸ್ತು, ಒಂದು ನದಿಯನ್ನೂ ಅದರ ದಂಡೆಯ ಊರುಗಳನ್ನೂ ಉಳಿಸುವ ಮಾತು ಬಂದಾಗ ಮಾತ್ರ ದುಬಾರಿ ಆಗುವುದು ಹೇಗೆ?

ಈ ಬಂಧಕಗಳು ಸ್ಲಡ್ಜನ್ನೂ ಕಲುಷಿತ ಮಣ್ಣನ್ನೂ ತೊಳೆದು ಅದರೊಳಗಿನ ಲೋಹವನ್ನು ಹೊರತೆಗೆಯಬಲ್ಲವು. ತೆಗೆದ ಲೋಹವನ್ನು ಮತ್ತೆ ಬಳಕೆಗೆ ತರಬಹುದು. ತೊಳೆದ ಮಣ್ಣಿನಲ್ಲಿ ಒಂದಿಷ್ಟು ಬಂಧಕ ಉಳಿದರೂ ಅದು ಇಡಿಟಿಎಯಂತೆ ವರ್ಷಗಟ್ಟಲೆ ಕೂತು ಅಂತರ್ಜಲಕ್ಕೆ ಲೋಹ ಸಾಗಿಸುವುದಿಲ್ಲ. ಇನ್ನು ನೀರಿನಿಂದಲೇ ಲೋಹ ಹಿಡಿಯಲು ಕೈಟೊಸಾನ್ ಇದೆ. ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ತೆಗೆಯುವ ಈ ವಸ್ತುವಿನ ಅಮೈನ್ ಗುಂಪುಗಳು ತಾಮ್ರ, ನಿಕ್ಕಲ್‌ಗಳನ್ನು ಕಚ್ಚಿಕೊಳ್ಳುತ್ತವೆ. ಮುನ್ನೂರು ಕಿಲೋಮೀಟರ್ ಕರಾವಳಿ ಇರುವ ರಾಜ್ಯ ನಮ್ಮದು. ಸಿಗಡಿ ಸುಲಿದ ಚಿಪ್ಪನ್ನು ಕಸ ಎಂದು ಕರೆಯುತ್ತೇವೆ. ಕಾಫಿ ಸಿಪ್ಪೆಯೂ ಲೋಹ ಹೀರುತ್ತದೆಂದು ಸಂಶೋಧನೆಗಳು ತೋರಿಸಿವೆ. ಕೊಡಗು, ಚಿಕ್ಕಮಗಳೂರಿನಲ್ಲಿ ಅದಕ್ಕೇನು ಬರವೇ?

‘ಜೈವಿಕವಾಗಿ ಕೊಳೆಯುವುದು’ ಎಂಬ ಹಸಿರು ಚೀಟಿ ಅಂಟಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆಂದು ಮಾರುವವರನ್ನೂ ನಾನು ನಂಬುವುದಿಲ್ಲ. ಕೊಳೆಯುವುದು ಬಂಧಕ ಮಾತ್ರ, ಲೋಹ ಕೊಳೆಯದು. ತಾಮ್ರ, ನಿಕ್ಕಲ್ ಹಿಡಿದ ಇಡಿಡಿಎಸ್ ಸುಲಭವಾಗಿ ಕೊಳೆಯುವುದೂ ಇಲ್ಲ. ಬಂಧಕ ಕೊಳೆತ ಮೇಲೆ ಬಿಡುಗಡೆಯಾಗುವ ಲೋಹವನ್ನು ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ನಾವು ಮಾಡಿದ್ದು ವಿಷದ ಜಾಗ ಬದಲಾವಣೆ ಅಷ್ಟೆ. ಲೋಹ ಹೀರಿದ ಕೈಟೊಸಾನನ್ನು ತೋಟಕ್ಕೆ ಗೊಬ್ಬರವೆಂದು ಎಸೆಯುವಂತಿಲ್ಲ. ಆದ್ದರಿಂದ ಬಂಧಕವನ್ನು ಬದಲಿಸುವುದೂ ಲೋಹವನ್ನು ಹುಟ್ಟಿದ ಜಾಗದಲ್ಲೇ ಹಿಡಿದು ಮರಳಿ ಪಡೆಯುವುದೂ ಒಟ್ಟಿಗೆ ನಡೆಯಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರು ಎರಡನ್ನೂ ಮಾಡಲಿಲ್ಲವೆಂದೇ ಲೆಕ್ಕ.

ಈಗ ಆ ‘ದುಬಾರಿ’ ಎಂಬ ಮಾತು. ಯಾರ ಲೆಕ್ಕದ ಪುಸ್ತಕದಲ್ಲಿ ದುಬಾರಿ? ಪ್ಲೇಟಿಂಗ್ ಘಟಕದ ಪುಸ್ತಕದಲ್ಲಿ ಸುಣ್ಣ ಅಗ್ಗ. ಬೈರಮಂಗಲದ ರೈತನ ಪುಸ್ತಕದಲ್ಲಿ ಅದೇ ಸುಣ್ಣದ ಬೆಲೆ ಎಷ್ಟು? ಕೆಟ್ಟ ಕೊಳವೆಬಾವಿ, ದುಡ್ಡು ಕೊಟ್ಟು ತರಿಸುವ ಕುಡಿಯುವ ನೀರು, ಚರ್ಮದ ತುರಿಕೆ, ಗಬ್ಬ ನಿಲ್ಲದ ಹಸು, ‘ಆ ಕೆರೆಯ ನೀರಿನದಾ’ ಎಂದು ಮಾರುಕಟ್ಟೆಯಲ್ಲಿ ಕೇಳಿಸಿಕೊಳ್ಳಬೇಕಾದ ಅವಮಾನ. ಇವನ್ನೆಲ್ಲ ಸೇರಿಸಿ ಕೂಡಿದ ಒಂದು ಬಿಲ್ಲನ್ನು ಯಾವ ಕೈಗಾರಿಕಾ ಸಂಘದ ಮುಂದಾದರೂ ಯಾರಾದರೂ ಇಟ್ಟಿದ್ದಾರೆಯೇ?

ಕೂಡಿ ಇಟ್ಟವರು ಜಪಾನಿನಲ್ಲಿದ್ದಾರೆ. ಟೊಯಾಮಾ ಪ್ರಾಂತ್ಯದ ಜಿಂಜು ನದಿಗೆ ಗಣಿಯೊಂದರ ಕ್ಯಾಡ್ಮಿಯಂ ಸೇರಿ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಹೆಂಗಸರ ಮೂಳೆಗೆ ಹೋಯಿತು. ಕೆಮ್ಮಿದರೂ ಮೂಳೆ ಮುರಿಯುವಂತಾಯಿತು. ‘ಇತಾಯ್ ಇತಾಯ್’ ಎಂಬ ನೋವಿನ ಕೂಗೇ ಆ ರೋಗಕ್ಕೆ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿಕೊಂಡಿತು. ಅಷ್ಟು ದೂರ ಬೇಡ ಎನ್ನುವವರು ಪಕ್ಕದ ರಾಜ್ಯದ ರಾಣಿಪೇಟೆಗೆ ಹೋಗಿ ಬರಲಿ. ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಲಕ್ಷಾಂತರ ಟನ್ ಕ್ರೋಮಿಯಂ ತ್ಯಾಜ್ಯ ಅಲ್ಲಿನ ಅಂತರ್ಜಲವನ್ನು ಹಳದಿ ಮಾಡಿದೆ. ಅದೇ ಪಾಲಾರ್ ಕಣಿವೆಯ ಚರ್ಮದ ಕಾರ್ಖಾನೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ವೆಲ್ಲೂರಿನ ನಾಗರಿಕರ ವೇದಿಕೆ ಹೂಡಿದ ಮೊಕದ್ದಮೆಯಲ್ಲಿ, ಮಲಿನ ಮಾಡಿದವನೇ ಬೆಲೆ ತೆರಬೇಕು ಎಂಬುದು ಈ ನೆಲದ ಕಾನೂನು ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಪ್ರಕಾರ ‘ದುಬಾರಿ’ ಎಂಬುದು ವಾದವೇ ಅಲ್ಲ.

ಇದು ಬೈರಮಂಗಲಕ್ಕೇ ನಿಲ್ಲುವ ಮಾತೂ ಅಲ್ಲ. ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ವೃಷಭಾವತಿಯ ನೀರನ್ನೂ ಹೀಗೆಯೇ ಕೆರೆಗಳಿಗೆ ತುಂಬುವ ಯೋಜನೆ ಮುಂದಿದೆ. ಬರಡು ಜಿಲ್ಲೆಗೆ ನೀರು ಬರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಕೊಳಚೆ ಘಟಕ ಕಟ್ಟಿರುವುದು ಮಲಮೂತ್ರದ ಸಾವಯವ ವಸ್ತು ಕರಗಿಸಲು, ಲೋಹ ಹಿಡಿಯಲು ಅಲ್ಲ. ಅಲ್ಲಿಗೆ ಬಂದ ಲೋಹದಲ್ಲಿ ಒಂದು ಭಾಗ ಗಸಿಗೆ ಇಳಿಯುತ್ತದೆ, ಆ ಗಸಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಉಳಿದದ್ದು ನೀರಿನೊಂದಿಗೆ ಕೆರೆಗೆ, ಕೆರೆಯಿಂದ ಅಂತರ್ಜಲಕ್ಕೆ. ಒಂದು ನದಿಯ ತಪ್ಪನ್ನು ನೂರಾರು ಕೆರೆಗೆ ಹಂಚಿದ ಮೇಲೆ ಹಿಂತೆಗೆಯುವ ದಾರಿ ಯಾವ ಇಂಜಿನಿಯರನಿಗೆ ಗೊತ್ತಿದೆ?

ಆದ್ದರಿಂದ ಕೇಳಬೇಕಾದದ್ದನ್ನು ನೇರವಾಗಿ ಕೇಳೋಣ. ಜೈವಿಕವಾಗಿ ಕೊಳೆಯುವ ಬಂಧಕದಿಂದ ಕೆಲಸ ನಡೆಯುವ ಕಡೆಯೆಲ್ಲ ಇಡಿಟಿಎ ಬಳಕೆಯನ್ನು ನಿಷೇಧಿಸಬೇಕು. ಲೋಹ ಇಳಿಸಲು ಡೈಥಿಯೋಕಾರ್ಬಮೇಟ್ ಬಳಸುವುದನ್ನು ಇಂದೇ ನಿಲ್ಲಿಸಬೇಕು. ಪ್ರತಿ ಘಟಕವೂ ಎಷ್ಟು ಲೋಹ ಕೊಂಡಿತು, ಎಷ್ಟು ಸಾಮಾನಿನ ಮೇಲೆ ಲೇಪಿಸಿತು, ಉಳಿದದ್ದು ಎಲ್ಲಿ ಹೋಯಿತು ಎಂದು ಕಿಲೋ ಲೆಕ್ಕದಲ್ಲಿ ಒಪ್ಪಿಸಬೇಕು. ಸಣ್ಣ ಘಟಕಗಳು ಒಂಟಿಯಾಗಿ ಇದನ್ನು ಹೊರಲಾರವು ಎಂಬುದು ನಿಜ. ಅವರ ಮೇಲೆ ನನಗೆ ಹಗೆಯಿಲ್ಲ. ಅವರಿಗೆ ಪ್ಲೇಟಿಂಗ್ ಆರ್ಡರ್ ಕೊಡುವ ದೊಡ್ಡ ಆಟೊಮೊಬೈಲ್, ಎಲೆಕ್ಟ್ರಾನಿಕ್ಸ್ ಕಂಪನಿಗಳೂ, ಜಾಗ ಹಂಚಿ ಕೈತೊಳೆದುಕೊಂಡ ಸರ್ಕಾರವೂ ಸೇರಿ ಕೈಗಾರಿಕಾ ಪ್ರದೇಶಕ್ಕೊಂದು ಲೋಹ ಮರುಪಡೆಯುವ ಕೇಂದ್ರ ಕಟ್ಟಬೇಕು. ಹೊಳೆಯುವ ಬಂಪರ್ ಬೇಕಾದವರು ಅದರ ಪೂರ್ತಿ ಬೆಲೆ ಕೊಡಲಿ.

ಕೋಲಾರ, ರಾಮನಗರ, ಕನಕಪುರದ ಓದುಗರೇ, ನಿಮ್ಮ ಕೆರೆಗೆ ಬರುವ ನೀರಿನಲ್ಲಿ ನಿಕ್ಕಲ್, ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಎಷ್ಟಿದೆ, ಕೆರೆಯ ಹೂಳಿನಲ್ಲಿ ಎಷ್ಟಿದೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ. ‘ಮಿತಿಯೊಳಗಿದೆ’ ಎಂಬ ಒಂದು ಸಾಲಿನ ಉತ್ತರವನ್ನು ಒಪ್ಪಬೇಡಿ, ಅಂಕಿ ಕೇಳಿ, ತಿಂಗಳು ತಿಂಗಳಿನ ಅಂಕಿ ಕೇಳಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ಓಟು ಕೇಳಲು ಬರುವವರ ಕೈಗೂ ಅದರ ಒಂದು ಪ್ರತಿ ಕೊಡಿ.